ತೂಬು ಯಾರ ಕೈಯಲ್ಲಿ?

2016ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದಕ್ಷಿಣ ಕೊರಿಯಾದ ರಾಜಧಾನಿಯಾದ ಸೋಲ್ ನಗರದಲ್ಲಿ ಒಂದು ವಿಚಿತ್ರವಾದ ಪಂದ್ಯ ನಡೆಯಿತು. ಮಣೆಯ ಒಂದು ಮಗ್ಗುಲಲ್ಲಿ ಲೀ ಸೆಡೋಲ್ ಕುಳಿತಿದ್ದರು. ‘ಗೋ’ ಎಂಬ ಪುರಾತನ ಆಟದಲ್ಲಿ ಹದಿನೆಂಟು ಅಂತಾರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದ್ದ ನಿಪುಣರು ಅವರು. ಇನ್ನೊಂದು ಮಗ್ಗುಲಲ್ಲಿಯೂ ಒಬ್ಬರು ಕುಳಿತಿದ್ದರು. ಆದರೆ ಅವರು ಆಟಗಾರರಲ್ಲ. ಗಣಕಯಂತ್ರವು ಪರದೆಯ ಮೇಲೆ ತೋರಿಸಿದ ಸ್ಥಳದಲ್ಲಿ ಕಲ್ಲನ್ನು ಇಡುವುದಷ್ಟೇ ಅವರ ಕೆಲಸವಾಗಿತ್ತು. ನಿಜವಾಗಿ ಆಡುತ್ತಿದ್ದುದು ‘ಆಲ್ಫಾಗೋ’ ಎಂಬ ಕ್ರಮವಿಧಿ, ಅಂದರೆ ಗಣಕಯಂತ್ರಕ್ಕೆ ಬರೆದುಕೊಟ್ಟ ಸೂಚನೆಗಳ ಮಾಲೆ. ಅದನ್ನು ರಚಿಸಿದ್ದು ಲಂಡನ್ನಿನ ಡೀಪ್‌ಮೈಂಡ್ ಎಂಬ ಸಂಸ್ಥೆ. ಆಗ ಆ ಸಂಸ್ಥೆಗೆ ಇನ್ನೂ ಆರು ವರ್ಷ ವಯಸ್ಸು.

ಗೋ ಆಟದ ಮಣೆಯಲ್ಲಿ ಉದ್ದಕ್ಕೆ ಹತ್ತೊಂಬತ್ತು, ಅಡ್ಡಕ್ಕೆ ಹತ್ತೊಂಬತ್ತು ಗೆರೆಗಳಿರುತ್ತವೆ. ಗೆರೆಗಳು ಕೂಡುವ 361 ಸ್ಥಾನಗಳಲ್ಲಿ ಒಬ್ಬರು ಕರಿಯ ಕಲ್ಲನ್ನೂ ಮತ್ತೊಬ್ಬರು ಬಿಳಿಯ ಕಲ್ಲನ್ನೂ ಇಡುತ್ತ, ಎದುರಾಳಿಗಿಂತ ಹೆಚ್ಚು ಜಾಗವನ್ನು ಸುತ್ತುವರಿಯಬೇಕು. ನಿಯಮಗಳು ಇಷ್ಟೇ. ಆದರೂ ಈ ಮಣೆಯ ಮೇಲೆ ಮೂಡಬಹುದಾದ ವಿನ್ಯಾಸಗಳ ಸಂಖ್ಯೆಯು ಕಾಣುವ ವಿಶ್ವದಲ್ಲಿರುವ ಪರಮಾಣುಗಳ ಸಂಖ್ಯೆಯನ್ನೂ ಮೀರುತ್ತದೆ. ಎಲ್ಲ ನಡೆಗಳನ್ನೂ ಎಣಿಸಿ ನೋಡಿ ಗೆಲ್ಲುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದುದರಿಂದ ಈ ಆಟದಲ್ಲಿ ಯಂತ್ರವು ಮನುಷ್ಯನನ್ನು ಸೋಲಿಸಲು ಇನ್ನೂ ಬಹುಕಾಲ ಬೇಕಾದೀತೆಂದು ಬಲ್ಲವರು ನಂಬಿದ್ದರು. ಎರಡನೆಯ ಆಟದ 37ನೆಯ ನಡೆಯಲ್ಲಿ ಆಲ್ಫಾಗೋ ಇಟ್ಟ ಕಲ್ಲನ್ನು ಕಂಡು ವ್ಯಾಖ್ಯಾನಕಾರರು ಮೊದಲು ಅದನ್ನು ತಪ್ಪೆಂದೇ ಭಾವಿಸಿದರು. ಮನುಷ್ಯರು ಆಡುವ ನಡೆ ಅದಾಗಿರಲಿಲ್ಲ. ಆಟ ಮುಂದುವರಿದಂತೆ ಅದೇ ಗೆಲುವಿನ ಕೀಲಿಯೆಂಬುದು ಹೊರಬಿದ್ದಿತು. ನಾಲ್ಕನೆಯ ಆಟದಲ್ಲಿ ಲೀ ಸೆಡೋಲರು 78ನೆಯ ನಡೆಯಾಗಿ ಇಟ್ಟ ಒಂದು ಕಲ್ಲು ಯಂತ್ರವನ್ನೇ ದಿಗ್ಭ್ರಮೆಗೊಳಿಸಿತು. ಆ ಒಂದು ಆಟವನ್ನು ಅವರು ಗೆದ್ದರು. ಉಳಿದ ನಾಲ್ಕನ್ನು ಯಂತ್ರ ಗೆದ್ದಿತು. 2019ರಲ್ಲಿ ಅವರು ಆಟದಿಂದ ನಿವೃತ್ತರಾದರು. ತಾನು ಎಷ್ಟೇ ಸಾಧಿಸಿದರೂ ಸೋಲಿಸಲಾಗದ ಶಕ್ತಿಯೊಂದು ಇದೆಯೆಂಬ ಅರಿವೂ ಅದಕ್ಕೆ ಒಂದು ಕಾರಣವೆಂದು ಅವರು ಹೇಳಿಕೊಂಡರು.

ಈ ಸಂಸ್ಥೆಯ ಏಳಿಗೆಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಈ ಗೆಲುವಿನಿಂದ ಹೊರಟು ಒಬ್ಬ ಮೇಧಾವಿಯ ಬಾಲ್ಯಕ್ಕೆ ಬರುತ್ತಾರೆ. ಆ ಬಾಲ್ಯವೂ ಸ್ವಾರಸ್ಯವಾದುದೇ. ಡೆಮಿಸ್ ಹಸಾಬಿಸ್ 1976ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ತಂದೆ ಸೈಪ್ರಸ್ ದ್ವೀಪದ ಗ್ರೀಕ್ ವಂಶದವರು, ತಾಯಿ ಸಿಂಗಪುರದ ಚೀನೀ ವಂಶದವರು. ನಾಲ್ಕನೆಯ ವಯಸ್ಸಿನಲ್ಲಿ ಚದುರಂಗ ಕಲಿತ ಹುಡುಗ ಹದಿಮೂರನೆಯ ವಯಸ್ಸಿಗೆ ಅದರಲ್ಲಿ ನುರಿತವರ ಸಾಲಿಗೆ ಸೇರಿದ. ಪಂದ್ಯಗಳಲ್ಲಿ ಗೆದ್ದ ಹಣದಿಂದಲೇ ಮೊದಲ ಗಣಕಯಂತ್ರವನ್ನು ಕೊಂಡ. ಕಾಲೇಜು ಸೇರುವ ಮುನ್ನವೇ ಗಣಕದ ಆಟಗಳನ್ನು ರಚಿಸಿದ. ಕೇಂಬ್ರಿಜ್‌ನಲ್ಲಿ ಗಣಕವಿಜ್ಞಾನವನ್ನು ಓದಿ, ಸ್ವಂತವಾಗಿ ಆಟಗಳ ಸಂಸ್ಥೆಯೊಂದನ್ನು ಸ್ಥಾಪಿಸಿ, ಅದು 2005ರಲ್ಲಿ ಮುಚ್ಚಿದ ಮೇಲೆ ಪುನಃ ವಿದ್ಯಾರ್ಥಿಯಾಗಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮನುಷ್ಯನ ಮಿದುಳನ್ನು ಕುರಿತು ಸಂಶೋಧನೆ ನಡೆಸಿದರು. ಮಿದುಳಿನ ಒಂದು ಭಾಗಕ್ಕೆ ಪೆಟ್ಟಾಗಿ ನೆನಪನ್ನು ಕಳೆದುಕೊಂಡವರು ಹೊಸದನ್ನು ಕಲ್ಪಿಸಿಕೊಳ್ಳುವ ಶಕ್ತಿಯನ್ನೂ ಕಳೆದುಕೊಂಡಿರುತ್ತಾರೆಂದು ಅವರೂ ಅವರ ಸಹೋದ್ಯೋಗಿಗಳೂ 2007ರಲ್ಲಿ ತೋರಿಸಿಕೊಟ್ಟರು. ಹಿಂದಿನದನ್ನು ನೆನೆಯುವುದೂ ಮುಂದಿನದನ್ನು ಊಹಿಸುವುದೂ ಒಂದೇ ಬೇರಿನ ಎರಡು ಕವಲುಗಳೆಂಬ ಈ ಮಾತು ನನಗೆ ಅವರ ಗೆಲುವುಗಳೆಲ್ಲಕ್ಕಿಂತಲೂ ಮನೋಹರವಾಗಿ ಕಾಣುತ್ತದೆ. ಆದರೆ ಅದು ಇಲ್ಲಿಯ ವಿಷಯವಲ್ಲ.

2010ರಲ್ಲಿ ಹಸಾಬಿಸ್, ಶೇನ್ ಲೆಗ್ ಮತ್ತು ಮುಸ್ತಫಾ ಸುಲೇಮಾನ್ ಎಂಬ ಮೂವರು ಸೇರಿ ಡೀಪ್‌ಮೈಂಡ್ ಸಂಸ್ಥೆಯನ್ನು ಕಟ್ಟಿದರು. ಬುದ್ಧಿಯೆಂದರೇನೆಂಬುದನ್ನು ಬಿಡಿಸಿ, ಆ ಬುದ್ಧಿಯಿಂದ ಉಳಿದೆಲ್ಲ ಸಮಸ್ಯೆಗಳನ್ನೂ ಬಿಡಿಸುವುದು ತಮ್ಮ ಗುರಿಯೆಂದು ಅವರು ಸಾರಿದರು. ಕೇಳಿದವರಿಗೆ ಆಗ ಅದು ಬಡಾಯಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ಮೊದಲು ಅವರು ಕೈಗೆತ್ತಿಕೊಂಡದ್ದು ಅಟಾರಿ ಎಂಬ ಹಳೆಯ ಯಂತ್ರದ ಮಕ್ಕಳಾಟಗಳನ್ನು. ಕ್ರಮವಿಧಿಗೆ ಆಟದ ನಿಯಮಗಳನ್ನು ಹೇಳಿಕೊಡಲಿಲ್ಲ. ಪರದೆಯ ಮೇಲೆ ಕಾಣುವ ಚುಕ್ಕೆಗಳು, ದೊರೆತ ಅಂಕ, ಇವೆರಡೇ ಅದಕ್ಕೆ ತಿಳಿಯುತ್ತಿದ್ದುದು. ಏನೇನೋ ಮಾಡಿ, ಅಂಕ ಹೆಚ್ಚಿದರೆ ಆ ದಾರಿಯನ್ನು ಹಿಡಿದು, ಕಡಿಮೆಯಾದರೆ ಬಿಟ್ಟು, ಸಾವಿರಾರು ಸಲ ಆಡಿ ಅದು ಕಲಿಯಬೇಕಾಗಿತ್ತು. ಚೆಂಡಿನಿಂದ ಇಟ್ಟಿಗೆಯ ಗೋಡೆಯನ್ನು ಒಡೆಯುವ ಒಂದು ಆಟದಲ್ಲಿ ಅದು ಗೋಡೆಯ ಅಂಚಿನಲ್ಲಿ ಸುರಂಗ ಕೊರೆದು ಚೆಂಡನ್ನು ಹಿಂಬದಿಗೆ ಕಳುಹಿಸುವ ಉಪಾಯವನ್ನು ತಾನಾಗಿಯೇ ಕಂಡುಕೊಂಡಿತು. 2015ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇಂತಹ 49 ಆಟಗಳ ಫಲಿತಾಂಶವಿದೆ. ಹೆಚ್ಚಿನವುಗಳಲ್ಲಿ ಅದರ ಸಾಧನೆ ಬೆರಗುಗೊಳಿಸುವಂತಹುದು. ಆದರೆ ‘ಮಾಂಟೆಜೂಮಾಸ್ ರಿವೆಂಜ್’ ಎಂಬ ಆಟವೊಂದುಂಟು. ಅಲ್ಲಿ ಏಣಿ ಇಳಿದು, ಅಪಾಯಗಳನ್ನು ದಾಟಿ, ಕೀಲಿಕೈಯನ್ನು ತರುವವರೆಗೆ ಒಂದು ಅಂಕವೂ ದೊರೆಯುವುದಿಲ್ಲ. ಅಲ್ಲಿ ಈ ಮೇಧಾವಿ ಯಂತ್ರಕ್ಕೆ ಬಂದದ್ದು ಸೊನ್ನೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಇದನ್ನು ಓದಿ ನಗು ಬಂದಿತು. ಅಂಕಕ್ಕಾಗಿಯೇ ಕಲಿಯುವವರು ಅಂಕ ಕಣ್ಣಿಗೆ ಕಾಣದ ಕಡೆ ಹೆಜ್ಜೆಯಿಡದಿರುವುದನ್ನು ನಾನು ತರಗತಿಯಲ್ಲಿ ಬಹಳ ಹಿಂದೆಯೇ ಕಂಡಿದ್ದೆ. ಮುಂದೆ ಬೇರೆ ಉಪಾಯಗಳಿಂದ ಯಂತ್ರಗಳು ಆ ಆಟವನ್ನೂ ಕಲಿತವೆನ್ನಿ.

ಇಷ್ಟರಲ್ಲಿ ಸಂಸ್ಥೆಯ ಒಡೆತನ ಬದಲಾಗಿತ್ತು. 2014ರ ಜನವರಿಯಲ್ಲಿ ಅಮೆರಿಕದ ಗೂಗಲ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಬೆಲೆ ಸುಮಾರು 40 ಕೋಟಿ ಪೌಂಡುಗಳೆಂದು ಆಗ ವರದಿಯಾಯಿತು. ತಮ್ಮ ವಿದ್ಯೆಯನ್ನು ಯುದ್ಧದ ಕೆಲಸಕ್ಕೆ ಬಳಸಕೂಡದೆಂಬ ಕರಾರನ್ನು ಮಾರುವವರು ಮುಂದಿಟ್ಟಿದ್ದರು. ಈ ಕರಾರನ್ನು ನೆನಪಿನಲ್ಲಿಡಬೇಕು. ಅದರ ಬಳಿಗೆ ಮತ್ತೆ ಬರುತ್ತೇನೆ.

ಆಟದ ಮಣೆಯಿಂದ ಹೊರಗೆ ಬಂದು ಮನುಷ್ಯರ ನಡುವೆ ಇಟ್ಟ ಮೊದಲ ದೊಡ್ಡ ಹೆಜ್ಜೆಯಲ್ಲಿಯೇ ಸಂಸ್ಥೆ ಎಡವಿತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಗಳ ಆಡಳಿತದೊಡನೆ 2015ರಲ್ಲಿ ಒಪ್ಪಂದ ಮಾಡಿಕೊಂಡು, ಮೂತ್ರಪಿಂಡಗಳು ಹಠಾತ್ತನೆ ಕೆಡುವ ಸೂಚನೆಯನ್ನು ವೈದ್ಯರಿಗೆ ಕೂಡಲೆ ತಿಳಿಸುವ ಸಾಧನವೊಂದನ್ನು ಡೀಪ್‌ಮೈಂಡ್ ರಚಿಸಿತು. ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದಕ್ಕಾಗಿ ಸುಮಾರು 16 ಲಕ್ಷ ರೋಗಿಗಳ ವಿವರಗಳು ಸಂಸ್ಥೆಯ ಕೈ ಸೇರಿದ್ದವು. ಆ ರೋಗಿಗಳಿಗೆ ಸರಿಯಾಗಿ ತಿಳಿಸಿರಲಿಲ್ಲ. ಆಸ್ಪತ್ರೆಯ ಆಡಳಿತವು ಮಾಹಿತಿ ರಕ್ಷಣೆಯ ಕಾನೂನನ್ನು ಪಾಲಿಸಲಿಲ್ಲವೆಂದು ಬ್ರಿಟನ್ನಿನ ಮಾಹಿತಿ ಆಯುಕ್ತರು 2017ರ ಜುಲೈಯಲ್ಲಿ ತೀರ್ಮಾನಿಸಿದರು. ಡೀಪ್‌ಮೈಂಡ್ ಸಂಸ್ಥೆಯೂ ತನ್ನ ಕಡೆಯ ಲೋಪವನ್ನು ಒಪ್ಪಿಕೊಂಡಿತು. ಮರುವರ್ಷ ಆ ಕೆಲಸವೂ ಅದರ ತಂಡವೂ ಗೂಗಲ್ಲಿನ ಆಡಳಿತಕ್ಕೇ ಸೇರುವುದೆಂಬ ಪ್ರಕಟಣೆ ಬಂದಾಗ, ಹಿಂದೆ ಕೊಟ್ಟ ಭರವಸೆಗಳು ಏನಾದುವೆಂದು ಅನೇಕರು ಕೇಳಿದರು.

ಇನ್ನು ಆ ಸಂಸ್ಥೆಯ ನಿಜವಾದ ಹಿರಿಮೆಗೆ ಬರೋಣ. ನಮ್ಮ ದೇಹದ ಕೆಲಸಗಳನ್ನೆಲ್ಲ ನಡೆಸುವುದು ಪ್ರೋಟೀನುಗಳು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಮಣಿಗಳಂತೆ ಒಂದರ ಹಿಂದೊಂದು ಪೋಣಿಸಿಕೊಂಡ ಸರವೇ ಪ್ರೋಟೀನ್. ಆ ಸರವು ನೆಟ್ಟಗಿರದೆ ಕ್ಷಣಾರ್ಧದಲ್ಲಿ ಮಡಿಸಿಕೊಂಡು ಒಂದು ನಿರ್ದಿಷ್ಟ ಆಕಾರವನ್ನು ತಾಳುತ್ತದೆ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದಾಗಲಿ, ತಿಂದ ಅನ್ನವನ್ನು ಅರಗಿಸುವುದಾಗಲಿ ಆ ಆಕಾರವನ್ನು ಅವಲಂಬಿಸಿದೆ. ಆಕಾರ ತಿಳಿದರೆ ರೋಗದ ಮೂಲ ತಿಳಿದೀತು, ಔಷಧದ ದಾರಿ ಕಂಡೀತು. ಆದರೆ ಅದನ್ನು ತಿಳಿಯುವುದು ಸುಲಭವಾಗಿರಲಿಲ್ಲ. ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಕ್ಷಕಿರಣಗಳನ್ನು ಹಾಯಿಸಿ, ಬಿದ್ದ ಚುಕ್ಕೆಗಳಿಂದ ಆಕಾರವನ್ನು ಲೆಕ್ಕಹಾಕಬೇಕು. ಕೇಂಬ್ರಿಜ್‌ನ ಮ್ಯಾಕ್ಸ್ ಪೆರುಟ್ಜ್ ಅವರು ಹಿಮೋಗ್ಲೋಬಿನ್ ಎಂಬ ಒಂದೇ ಪ್ರೋಟೀನಿಗಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲವನ್ನು ಸವೆಸಿದರು. 1962ರ ನೊಬೆಲ್ ಪ್ರಶಸ್ತಿ ಅವರಿಗೂ ಅವರ ಸಹೋದ್ಯೋಗಿ ಜಾನ್ ಕೆಂಡ್ರೂ ಅವರಿಗೂ ದೊರೆಯಿತು. ಮಣಿಗಳ ಕ್ರಮವೊಂದನ್ನು ಬಲ್ಲೆವಾದರೆ ಆಕಾರವನ್ನು ಲೆಕ್ಕದಿಂದಲೇ ಹೇಳಬಹುದೆ ಎಂಬ ಪ್ರಶ್ನೆ ಅರ್ಧ ಶತಮಾನದ ಕಾಲ ವಿಜ್ಞಾನಿಗಳನ್ನು ಕಾಡಿತು. 1994ರಿಂದ ಎರಡು ವರ್ಷಕ್ಕೊಮ್ಮೆ ಇದಕ್ಕಾಗಿಯೇ ಒಂದು ಸ್ಪರ್ಧೆ ನಡೆಯುತ್ತ ಬಂದಿದೆ. 2020ರ ಸ್ಪರ್ಧೆಯಲ್ಲಿ ಡೀಪ್‌ಮೈಂಡ್ ಸಂಸ್ಥೆಯ ‘ಆಲ್ಫಾಫೋಲ್ಡ್’ ಹೇಳಿದ ಆಕಾರಗಳು, ಅನೇಕ ಪ್ರೋಟೀನುಗಳ ವಿಷಯದಲ್ಲಿ, ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಆಕಾರಗಳಿಗೆ ಸಮವೆನ್ನುವಷ್ಟು ಹತ್ತಿರವಾಗಿದ್ದವು. 2021ರಲ್ಲಿ ಸಂಸ್ಥೆಯು ಆ ಕ್ರಮವಿಧಿಯನ್ನು ಎಲ್ಲರಿಗೂ ತೆರೆದಿಟ್ಟಿತು. 2022ರ ಹೊತ್ತಿಗೆ 20 ಕೋಟಿಗೂ ಮಿಗಿಲಾದ ಪ್ರೋಟೀನುಗಳ ಊಹಿತ ಆಕಾರಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದಾಗಿತ್ತು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧವನ್ನು ಹಸಾಬಿಸ್ ಮತ್ತು ಅವರ ಸಹೋದ್ಯೋಗಿ ಜಾನ್ ಜಂಪರ್ ಹಂಚಿಕೊಂಡರು. ಉಳಿದರ್ಧ ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರಿಗೆ ಸಂದಿತು.

ಈ ಸಾಧನೆಯನ್ನು ಕಡಿಮೆಯೆಂದು ಹೇಳುವ ಧೈರ್ಯ ನನಗಿಲ್ಲ, ಇಷ್ಟವೂ ಇಲ್ಲ. ನನ್ನ ತಕರಾರು ಇರುವುದು ಅದರ ಲೆಕ್ಕವನ್ನು ಬರೆಯುವ ರೀತಿಯಲ್ಲಿ. ಯಂತ್ರವು ಶೂನ್ಯದಿಂದ ಕಲಿಯುವುದಿಲ್ಲ. ಆಟದಲ್ಲಿಯಾದರೋ ಅದು ತನ್ನೊಡನೆ ತಾನೇ ಆಡಿ ಕಲಿಯಬಲ್ಲುದು. 2017ರ ‘ಆಲ್ಫಾಗೋ ಜೀರೋ’ ಹಾಗೆಯೇ ಕಲಿತು, ಲೀ ಸೆಡೋಲರನ್ನು ಗೆದ್ದ ತನ್ನ ಅಣ್ಣನನ್ನು ನೂರಕ್ಕೆ ನೂರು ಆಟಗಳಲ್ಲಿ ಸೋಲಿಸಿತು. ಪ್ರಕೃತಿಯ ವಿಷಯದಲ್ಲಿ ಅದು ಸಾಗದು. ಆಲ್ಫಾಫೋಲ್ಡ್ ಕಲಿತದ್ದು ಅದಾಗಲೇ ತಿಳಿದಿದ್ದ ಸುಮಾರು 1,70,000 ಆಕಾರಗಳನ್ನು ನೋಡಿ. ಅವು ಎಲ್ಲಿದ್ದವು? 1971ರಲ್ಲಿ ಕೇವಲ ಏಳು ಆಕಾರಗಳಿಂದ ಆರಂಭವಾದ ‘ಪ್ರೋಟೀನ್ ಡೇಟಾ ಬ್ಯಾಂಕ್’ ಎಂಬ ಭಂಡಾರದಲ್ಲಿ. ಜಗತ್ತಿನ ನಾನಾ ದೇಶಗಳ ಸಂಶೋಧಕರು, ಬಹುಮಟ್ಟಿಗೆ ಜನರ ತೆರಿಗೆಯ ಹಣದಿಂದ ನಡೆಯುವ ಪ್ರಯೋಗಶಾಲೆಗಳಲ್ಲಿ ದುಡಿದು, ತಾವು ಕಂಡ ಒಂದೊಂದು ಆಕಾರವನ್ನೂ ಕಾಸಿನ ಫಲವಿಲ್ಲದೆ ಅಲ್ಲಿ ತಂದಿಟ್ಟರು. ಒಬ್ಬ ವಿದ್ಯಾರ್ಥಿಯ ಸಂಶೋಧನೆಯ ನಾಲ್ಕೈದು ವರ್ಷಗಳು ಆ ಭಂಡಾರದಲ್ಲಿ ಒಂದೇ ಸಾಲಾಗಿ ಸೇರಿದ್ದುಂಟು. ಹನಿಗೂಡಿ ಹಳ್ಳವಾಯಿತು.

ಆ ಹಳ್ಳಕ್ಕೆ ನಮ್ಮ ನಾಡಿನ ಹನಿಯೂ ಸೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು 1963ರಲ್ಲಿ ಮದ್ರಾಸಿನಲ್ಲಿದ್ದಾಗ, ಪ್ರೋಟೀನಿನ ಸರವು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದು, ಯಾವ ಕೋನದಲ್ಲಿ ಅಣುವಿನ ಭಾಗಗಳು ಒಂದಕ್ಕೊಂದು ಢಿಕ್ಕಿಯಾಗುತ್ತವೆ ಎಂಬುದನ್ನು ಇಬ್ಬರು ಸಹೋದ್ಯೋಗಿಗಳೊಡನೆ ಲೆಕ್ಕಹಾಕಿ ಒಂದು ನಕ್ಷೆಯನ್ನು ಬರೆದರು. ಮುಂದೆ ಅವರು ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿ ಬೆಳೆಸಿದರು. ಲೋಕದ ಯಾವ ಮೂಲೆಯಲ್ಲಿ ಹೊಸ ಪ್ರೋಟೀನಿನ ಆಕಾರ ಸಿಕ್ಕಿದರೂ ಅದು ಸರಿಯೆ ತಪ್ಪೆ ಎಂದು ಪರೀಕ್ಷಿಸಲು ಇಂದಿಗೂ ರಾಮಚಂದ್ರನ್ ನಕ್ಷೆಯನ್ನು ಬಳಸುತ್ತಾರೆ. ಅದಕ್ಕೆ ಅವರು ಬೆಲೆ ಕಟ್ಟಲಿಲ್ಲ. ನೊಬೆಲ್ ಪ್ರಶಸ್ತಿಯೂ ಅವರಿಗೆ ಬರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ನೀರಗಂಟಿ ಎಂಬವನಿದ್ದ. ಕೆರೆಯ ತೂಬನ್ನೆತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಸಲ್ಲಬೇಕೋ ಅಷ್ಟನ್ನು ಹಾಯಿಸುವುದು ಅವನ ಕೆಲಸ. ಅದು ಜಾಣ್ಮೆಯ ಕೆಲಸವೇ. ನೀರು ಕಡಿಮೆಯಾದ ವರ್ಷ ಹತ್ತು ಮಂದಿಯ ಬೈಗುಳವನ್ನು ಸಹಿಸಿಕೊಂಡು ಎಲ್ಲ ಗದ್ದೆಗಳನ್ನೂ ಉಳಿಸಬೇಕು. ಆ ಜಾಣ್ಮೆಗಾಗಿ ಸುಗ್ಗಿಯ ಕಾಲದಲ್ಲಿ ಕಣ ಕಣದಿಂದಲೂ ಅವನಿಗೆ ಧಾನ್ಯ ಸಲ್ಲುತ್ತಿತ್ತು. ಆದರೆ ತೂಬನ್ನೆತ್ತುವವನೆಂಬ ಕಾರಣಕ್ಕೆ ಕೆರೆ ಅವನದಾಗುತ್ತಿರಲಿಲ್ಲ.

ಡೀಪ್‌ಮೈಂಡ್ ಆಗಲಿ ಅಂತಹ ಇನ್ನಾವುದೇ ಸಂಸ್ಥೆಯಾಗಲಿ ನೀರಗಂಟಿಯೋ ಕೆರೆಯ ಒಡೆಯನೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. 2021ರಲ್ಲಿ ಎಲ್ಲವನ್ನೂ ತೆರೆದಿಟ್ಟ ಅದೇ ಸಂಸ್ಥೆಯು 2024ರ ಮೇ ತಿಂಗಳಲ್ಲಿ ‘ಆಲ್ಫಾಫೋಲ್ಡ್ 3’ನ್ನು ಪ್ರಕಟಿಸಿದಾಗ ಕ್ರಮವಿಧಿಯನ್ನು ಬಚ್ಚಿಟ್ಟುಕೊಂಡಿತು. ಪ್ರಶ್ನೆಗಳನ್ನು ಕಳುಹಿಸಿ ಉತ್ತರ ಪಡೆಯಬಹುದಾಗಿತ್ತು, ಅದೂ ದಿನಕ್ಕೆ ಇಷ್ಟೇ ಎಂಬ ಮಿತಿಯೊಳಗೆ. ಔಷಧಗಳನ್ನು ಹುಡುಕಿ ಲಾಭ ಗಳಿಸಲೆಂದು ಅದೇ ಒಡೆತನದಡಿ ಇನ್ನೊಂದು ಸಂಸ್ಥೆ 2021ರಲ್ಲಿಯೇ ಹುಟ್ಟಿಕೊಂಡಿತ್ತು. ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಆ ವರ್ಷದ ನವೆಂಬರಿನಲ್ಲಿ ವಿದ್ಯಾಸಂಸ್ಥೆಗಳ ಸಂಶೋಧಕರಿಗೆ ಮಾತ್ರ, ವ್ಯಾಪಾರಕ್ಕೆ ಬಳಸಕೂಡದೆಂಬ ನಿಬಂಧನೆಯೊಡನೆ ಅದು ದೊರೆಯಿತು. ತೂಬು ಸ್ವಲ್ಪ ಮೇಲೆದ್ದಿತು. ಆದರೆ ಎತ್ತಿದ್ದು ಊರಲ್ಲ.

ಇದಕ್ಕೆ ಉತ್ತರವಾಗಿ ಒಂದು ಮಾತನ್ನು ಹೇಳುವವರಿದ್ದಾರೆ, ಅದರಲ್ಲಿ ಹುರುಳಿಲ್ಲದಿಲ್ಲ. ಇಂತಹ ಸಂಶೋಧನೆಗೆ ಸಾವಿರಾರು ಗಣಕಗಳೂ ನೂರಾರು ನಿಪುಣರೂ ಅಪಾರವಾದ ವಿದ್ಯುತ್ತೂ ಬೇಕು. ಯಾವ ವಿಶ್ವವಿದ್ಯಾಲಯ ಅಷ್ಟನ್ನು ಒದಗಿಸೀತು? ಗೂಗಲ್ಲಿನ ಹಣವಿಲ್ಲದಿದ್ದರೆ ಆಲ್ಫಾಫೋಲ್ಡ್ 2020ರಲ್ಲಿ ಬರುತ್ತಿತ್ತೆ? ಬಹುಶಃ ಇಲ್ಲ. ಲಾಭದ ಆಸೆಯಿಂದ ಹಣ ಹೂಡಿದವರು ಲಾಭವನ್ನು ಬಯಸುವುದು ತಪ್ಪೂ ಅಲ್ಲ. ನಾನು ಕೇಳುವುದು ಇಷ್ಟು: ಹೂಡಿದ ಹಣಕ್ಕೆ ಪಾಲು ಸಲ್ಲುವುದಾದರೆ, ಐವತ್ತು ವರ್ಷ ಹೂಡಿದ ಶ್ರಮಕ್ಕೆ ಪಾಲು ಏಕಿಲ್ಲ? ಸಾರ್ವಜನಿಕ ಭಂಡಾರದಿಂದ ಕಲಿತ ಯಂತ್ರವು ಕಂಡುಹಿಡಿದುದರಲ್ಲಿ ಒಂದು ಭಾಗವಾದರೂ ಸಾರ್ವಜನಿಕ ಭಂಡಾರಕ್ಕೆ ಮರಳಬೇಕೆಂಬುದು ಸಂಸ್ಥೆಯ ಔದಾರ್ಯಕ್ಕೆ ಬಿಟ್ಟ ವಿಷಯವಾಗಬಾರದು. ದೇಶಗಳು ಕಾನೂನು ಮಾಡಿ ಗೊತ್ತುಪಡಿಸಬೇಕು. ಆಸ್ಪತ್ರೆಯ ದಾಖಲೆಯ ವಿಷಯದಲ್ಲಿ ಬ್ರಿಟನ್ನಿಗೆ ಕಾನೂನಿತ್ತು; ಆದುದರಿಂದಲೇ ಆಯುಕ್ತರು ಕೇಳಬಲ್ಲವರಾದರು. ಆಲ್ಫಾಫೋಲ್ಡ್ 3ರ ವಿಷಯದಲ್ಲಿ ವಿಜ್ಞಾನಿಗಳ ಬಳಿ ಇದ್ದುದು ಒಂದು ಪತ್ರ ಮಾತ್ರ.

ಕೊಟ್ಟ ಮಾತಿನ ಆಯುಷ್ಯವೆಷ್ಟು ಎಂಬುದನ್ನೂ ಕಂಡಿದ್ದೇವೆ. 2014ರ ಕರಾರನ್ನು ಹಿಂದೆ ನೆನಪಿಸಿದೆ. 2018ರಲ್ಲಿ ಗೂಗಲ್ ಸಂಸ್ಥೆಯು ತನ್ನ ಯಂತ್ರಬುದ್ಧಿಯನ್ನು ಆಯುಧಗಳಿಗೆ ಬಳಸುವುದಿಲ್ಲವೆಂದು ಲಿಖಿತವಾಗಿಯೇ ಘೋಷಿಸಿತು. 2025ರ ಫೆಬ್ರವರಿಯಲ್ಲಿ ಆ ವಾಕ್ಯವನ್ನು ತನ್ನ ನಿಯಮಗಳಿಂದ ತೆಗೆದುಹಾಕಿತು. ಬದಲಾವಣೆಯನ್ನು ಸಮರ್ಥಿಸಿದ ಲೇಖನದ ಇಬ್ಬರು ಲೇಖಕರಲ್ಲಿ ಹಸಾಬಿಸ್ ಅವರೂ ಒಬ್ಬರು. ಲೋಕದ ಸ್ಥಿತಿ ಬದಲಾಗಿದೆಯೆಂದು ಅವರ ವಾದ. ಇರಬಹುದು. ಆದರೆ ಒಳ್ಳೆಯವರೆಂದು ನಂಬಿದವರ ಮನಸ್ಸು ಕೂಡ ಹನ್ನೊಂದು ವರ್ಷಗಳಲ್ಲಿ ಬದಲಾಗುವುದಾದರೆ, ಆ ಮನಸ್ಸಿನ ಮೇಲೆ ಲೋಕದ ಭದ್ರತೆಯನ್ನು ನಿಲ್ಲಿಸುವುದು ಹೇಗೆ?

ಪ್ರೋಟೀನ್ ಡೇಟಾ ಬ್ಯಾಂಕ್ ಈಗಲೂ ಪ್ರತಿ ಬುಧವಾರ ಹೊಸ ಆಕಾರಗಳನ್ನು ಪ್ರಕಟಿಸುತ್ತದೆ. ಅವುಗಳನ್ನು ತಂದಿಟ್ಟವರಲ್ಲಿ ಕೇಂಬ್ರಿಜ್‌ನವರೂ ಇರುತ್ತಾರೆ, ಬೆಂಗಳೂರಿನವರೂ ಇರುತ್ತಾರೆ. ಮುಂದಿನ ಯಂತ್ರವು ಅವುಗಳನ್ನು ಓದಿಯೇ ಕಲಿಯುತ್ತದೆ. ಆ ಯಂತ್ರ ಯಾರದಾಗಿರುವುದೆಂದು ಅವುಗಳನ್ನು ತಂದಿಟ್ಟವರನ್ನು ಇದುವರೆಗೆ ಯಾರೂ ಕೇಳಿಲ್ಲ.